ಕುಲ್ಫಿ ಡಬ್ಬಿಯಲ್ಲಿ ಬಂದ ಔಷಧ

ನನ್ನ ತಮ್ಮ ಬುಡ್ಡೇಸಾಬ್‌ನಷ್ಟು ಹಟಮಾರಿ ಮಸ್ಕಿಯಲ್ಲಿ ಇನ್ನೊಬ್ಬನಿಲ್ಲ. ಬೇಕಾದರೆ ಬಸ್‌ಸ್ಟ್ಯಾಂಡಿನಲ್ಲಿ ಯಾರನ್ನಾದರೂ ಕೇಳಿ ನೋಡಿ. ಕುಲ್ಫಿ ಬುಡ್ಡೇಸಾಬ್ ಅಂದರೆ ಸಾಕು, ಮೊದಲು ನಗುತ್ತಾರೆ, ಆಮೇಲೆ ಕುಲ್ಫಿಯನ್ನು ಹೊಗಳುತ್ತಾರೆ, ಕೊನೆಗೆ "ಆದ್ರ ಆ ಮನಷ್ಯಾಗ ಬುದ್ಧಿ ಹೇಳಾಕ ಆಗಂಗಿಲ್ರೀ" ಅನ್ನುತ್ತಾರೆ. ಅವನಿಗೆ ಬುದ್ಧಿ ಹೇಳುವ ಕೆಲಸ ಅವನು ಹುಟ್ಟಿದಾಗಿನಿಂದ ನನ್ನದೇ. ನಾನು ಜಮೀಲಾಬೀ, ಸರ್ಕಾರಿ ಶಾಲೆಯಲ್ಲಿ ಕನ್ನಡ ಕಲಿಸುವವಳು. ಮೂರನೇ ತರಗತಿಯ ಮಕ್ಕಳು ಒಂದು ಸಲ ಗದರಿದರೆ ತೆಪ್ಪಗೆ ಕೂರುತ್ತಾರೆ. ಇವನು ತಲೆಗೂದಲು ನೆರೆತರೂ ಇನ್ನೂ ಕೂತಿಲ್ಲ.

ನಮ್ಮ ಯಜಮಾನರು ತೀರಿಕೊಂಡ ಮೇಲೆ ತಮ್ಮನ ಮನೆಯೇ ನನ್ನ ಮನೆ. ನಾನು, ಬುಡ್ಡೇಸಾಬ್, ಅವನ ಹೆಂಡತಿ ಮುನ್ನಿಬೀ. ಮನೆಯಲ್ಲಿ ಮಾತು ಅರ್ಧ ಉರ್ದು, ಅರ್ಧ ಕನ್ನಡ, ಬೈಗುಳ ಮಾತ್ರ ಪೂರಾ ಕನ್ನಡ. ನನಗೆ ಮಕ್ಕಳಿಲ್ಲ. ಅವ್ವ ಹೋದಾಗ ಬುಡ್ಡೇಸಾಬ್ ಇನ್ನೂ ಚಡ್ಡಿ ಹಾಕಲು ಬಾರದ ಹುಡುಗ, ಅವನನ್ನು ಬೆಳೆಸಿದವಳು ನಾನು. ಆದ್ದರಿಂದ ಮಕ್ಕಳಿಲ್ಲವೆಂದು ನಾನೇನೂ ಗೋಳಾಡಿಲ್ಲ, ಒಂದೇ ಸಾಕಾಗಿತ್ತು.

ಕೆಮ್ಮು ಶುರುವಾದಾಗ ಚಾಕ್‌ಪೀಸ್ ಧೂಳು ಅಂದುಕೊಂಡೆ. ಆಮೇಲೆ ಊರಿನ ಡಾಕ್ಟರು ಟೀಬಿ ಎಂದರು. ಟೀಬಿ ಗುಳಿಗೆ ನುಂಗಿ ನುಂಗಿ ಮೂತ್ರ ಕೆಂಪಾಯಿತೇ ಹೊರತು ಕೆಮ್ಮು ಹೋಗಲಿಲ್ಲ. ಕೊನೆಗೆ ಹೈದರಾಬಾದಿಗೆ ಹೋದರೆ, ಪುಪ್ಪಸದ ಕ್ಯಾನ್ಸರ್ ಎಂದು ಹೇಳಿ ಕಳಿಸಿದರು. ದಿನಕ್ಕೊಂದು ಕಟ್ಟು ಬೀಡಿ ಸುಡುವ ನನ್ನ ತಮ್ಮನ ಪುಪ್ಪಸ ಎತ್ತಿನ ಪುಪ್ಪಸದ ಹಾಗಿದೆ. ಬೀಡಿ ವಾಸನೆಗೇ ಮೂಗು ಮುಚ್ಚಿಕೊಳ್ಳುವ ನನ್ನದು ಕೆಟ್ಟಿತು. ದೇವರಿಗೆ ವಿಳಾಸ ಓದಲು ಬರುವುದಿಲ್ಲ ಅಂತ ನಾನು ಅಂದರೆ ಮುನ್ನಿಬೀ "ತೋಬಾ ತೋಬಾ" ಎಂದು ಕೆನ್ನೆ ಬಡಿದುಕೊಳ್ಳುತ್ತಿದ್ದಳು. ಬಡಿದುಕೊಳ್ಳಲಿ ಬಿಡಿ, ನನಗೆ ಸಿಟ್ಟು ಬಂದಿತ್ತು.

ಹೈದರಾಬಾದಿನ ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ಮಾತು ಮಾತ್ರ ನಿಧಾನ. ನಾನು ಟೀಚರ್ ಎಂದು ತಿಳಿದ ಮೇಲೆ ನನಗೇ ಪಾಠ ಮಾಡಿದರು. ಮೈಯ ರಕ್ತದಲ್ಲಿ ಕಾವಲಿನವರು ಇರುತ್ತಾರಂತೆ. ಈ ರೋಗ ಅವರ ಕಣ್ಣಿಗೆ ಮಣ್ಣೆರಚಿ, ನಾನೂ ಈ ಮನೆಯವನೇ ಎಂದು ನಂಬಿಸಿ, ಒಳಗೇ ಬೆಳೆಯುತ್ತದಂತೆ. ಕಿಮೋ ಎಂದರೆ ಹೊರಗಿನಿಂದ ವಿಷ ಹಾಕುವುದು. ಈಗ ಬಂದಿರುವ ಔಷಧ ರೋಗವನ್ನು ತಾನಾಗಿ ಕೊಲ್ಲುವುದಿಲ್ಲ, ಕಾವಲಿನವರ ಕಣ್ಣು ತೊಳೆಯುತ್ತದೆ. ಆಮೇಲೆ ಅವರೇ ನೋಡಿಕೊಳ್ಳುತ್ತಾರೆ. ಇಮ್ಯೂನೋಥೆರಪಿ ಎಂದು ಹೆಸರು. "ಆದರೆ ಅಮ್ಮಾ, ಎಲ್ಲರಿಗೂ ಇದು ಹತ್ತುವುದಿಲ್ಲ. ಹೆಚ್ಚಿನವರಿಗೆ ಹತ್ತುವುದೇ ಇಲ್ಲ. ಕಣ್ಣು ತೆರೆದ ಕಾವಲಿನವರು ಕೆಲವೊಮ್ಮೆ ಮನೆಯವರಿಗೂ ಹೊಡೆಯುತ್ತಾರೆ. ಚರ್ಮ, ಕರುಳು, ಥೈರಾಯ್ಡ್ ಎಲ್ಲದಕ್ಕೂ ತೊಂದರೆ ಆಗಬಹುದು" ಎಂದರು. ನನ್ನ ಗಡ್ಡೆಯ ಚೂರು ಪರೀಕ್ಷೆ ಮಾಡಿ, ನಿಮಗೆ ಹತ್ತುವ ಸಂಭವ ಇದೆ ಎಂದೂ ಹೇಳಿದರು.

ಔಷಧ ನಮ್ಮಂಥವರು ಕೊಳ್ಳುವಂಥದ್ದಲ್ಲ. ಡಾಕ್ಟರು ಓಡಾಡಿ, ಕಂಪನಿಯವರದೇ ಒಂದು ಯೋಜನೆಯಲ್ಲಿ ನನಗೆ ಬಿಟ್ಟಿಯಾಗಿ ಸಿಗುವಂತೆ ಮಾಡಿದರು. ಒಂದು ಷರತ್ತು ಇತ್ತು. ಗಡ್ಡೆ ಕುಗ್ಗುತ್ತಿರುವವರೆಗೆ ಕೊಡುತ್ತಾರೆ, ಬೆಳೆಯಿತೆಂದು ಸ್ಕ್ಯಾನಿನಲ್ಲಿ ಕಂಡರೆ ಅಲ್ಲಿಗೆ ನಿಲ್ಲಿಸುತ್ತಾರೆ.

ಮೊದಲ ಕೆಲವು ಸಲ ಹೈದರಾಬಾದಿನಲ್ಲೇ ಹಾಕಿಸಿಕೊಂಡೆ. ಕೈಗೆ ಸೂಜಿ ಚುಚ್ಚಿ ಸಲಾಯಿನ್‌ನಂತೆ ಬಿಡುತ್ತಾರೆ, ಅಷ್ಟೇ. ಆಮೇಲೆ ಶುರುವಾಯಿತು ನೋಡಿ ತುರಿಕೆ! ತೋಳು, ಬೆನ್ನು, ಹೊಟ್ಟೆ, ಎಲ್ಲೆಡೆ ಕೆಂಪು ಗಂಧೆ. ಮುನ್ನಿಬೀ ಬೇವಿನೆಲೆ ಅರೆದು ಹಚ್ಚಿ ಸೋತಳು. ಆದರೆ ಕೆಮ್ಮು ಇಳಿಯಿತು. ನಿಜಕ್ಕೂ ಇಳಿಯಿತು. ಮೆಟ್ಟಿಲು ಹತ್ತಿದೆ, ರೊಟ್ಟಿ ಬಡಿದೆ, ಪಕ್ಕದ ಮನೆಯವರ ಜೊತೆ ಗಟಾರದ ವಿಷಯಕ್ಕೆ ಏರುದನಿಯಲ್ಲಿ ಜಗಳ ಆಡಿದೆ. ಸ್ಕ್ಯಾನ್ ಮಾಡಿಸಿದರೆ ಗಡ್ಡೆ ಅರ್ಧಕ್ಕರ್ಧ ಕರಗಿತ್ತು. ಅವತ್ತು ಬುಡ್ಡೇಸಾಬ್ ನಮ್ಮ ಓಣಿಗೆಲ್ಲ ಕುಲ್ಫಿ ಹಂಚಿದ. ಬೈದೆ, ಕೇಳಲಿಲ್ಲ. ನಾನೂ ಎರಡು ತಿಂದೆ.

ಆದರೆ ಹೈದರಾಬಾದಿನ ಬಸ್ಸು ನನ್ನ ಸೊಂಟ ಮುರಿಯುತ್ತಿತ್ತು. ಡಾಕ್ಟರೇ ಒಂದು ದಾರಿ ಹೇಳಿದರು. ಅವರ ಕೈಕೆಳಗೆ ಕಲಿತ ಒಬ್ಬರು ಸಿಂಧನೂರಿನ ಒಂದು ಆಸ್ಪತ್ರೆಯಲ್ಲಿ ಇದ್ದರು. ಔಷಧವನ್ನು ಮನೆಯವರು ಹೈದರಾಬಾದಿನಿಂದ ಒಯ್ದರೆ ಅಲ್ಲಿ ಹಾಕುತ್ತಾರೆ. ಔಷಧ ತಣ್ಣಗಿರಬೇಕು, ಬಿಸಿಲು ತಾಗಿದರೆ ಕೆಡುತ್ತದೆ, ಅಷ್ಟೇ ಜೋಪಾನ ಎಂದರು.

ತಣ್ಣಗಿರಬೇಕು ಅನ್ನುವ ಮಾತು ಬುಡ್ಡೇಸಾಬ್‌ನ ಕಿವಿಗೆ ಬಿದ್ದದ್ದೇ ತಡ, ಅವನ ಎದೆ ಉಬ್ಬಿತು.

"ಆಪಾ, ಇದು ನನ್ನ ಕೆಲಸ. ನೀ ಫಿಕರ್ ಬಿಡು" ಅಂದ. ಆಪಾ ಅಂದರೆ ನಮ್ಮಲ್ಲಿ ಅಕ್ಕ.

ಔಷಧ ಕೊಡುವ ಕಿಟಕಿಯಲ್ಲಿ ಮುಂದಿನ ಸಲ ಸೀಸೆ ಒಯ್ಯಲೆಂದು ಒಂದು ಥರ್ಮಾಕೋಲ್ ಡಬ್ಬಿ, ಅದರೊಳಗೆ ನೀಲಿ ಬಣ್ಣದ ತಣ್ಣನೆಯ ಚೀಲಗಳು ಕೊಟ್ಟರಂತೆ. ಇವನು ಡಬ್ಬಿಯನ್ನು ತಂದು ನನ್ನ ಮುಂದೆ ಇಟ್ಟು ನಕ್ಕಿದ್ದೇ ನಕ್ಕಿದ್ದು.

"ಇದನ್ನ ನೋಡಾಪಾ. ಮೀನು ಮಾರವ್ರು ಸೈತ ಇಂಥಾದ್ದು ಇಟ್ಗಳಂಗಿಲ್ಲ. ರಾಯಚೂರು ದಾಟೂದ್ರಾಗ ನೀರು ಆಕ್ಕೈತಿ. ಅವರಿಗೆ ನಮ್ಮ ಕಡಿ ಬಿಸಲು ಏನ್ ಗೊತ್ತು? ಪಂಖಾದ ಕೆಳಗ ಕುಂತವ್ರು!"

"ಅವರು ಓದಿದವರೋ, ಏನೋ ತಿಳಿದೇ ಕೊಟ್ಟಿರ್ತಾರ."

"ಓದಿದವ್ರು ದವಾ ಮಾಡ್ಲಿ. ಥಂಡಿ ಇಡೂದು ನಾ ನೋಡ್ಕೊಂತೀನಿ."

ಥಂಡಿಯ ವಿಷಯದಲ್ಲಿ ಅವನಿಗೆ ಎದುರಾಡುವವರು ನಮ್ಮ ಮೂರು ತಾಲೂಕಿನಲ್ಲಿ ಇಲ್ಲ ಎನ್ನುವುದು ಸುಳ್ಳಲ್ಲ. ಕುಲ್ಫಿ ಮಾಡುವವರಿಗೆ ಗೊತ್ತು, ಹಾಲು ತುಂಬಿದ ಅಚ್ಚನ್ನು ಬರೀ ಬರ್ಫದಲ್ಲಿ, ಅಂದರೆ ಮಂಜುಗಡ್ಡೆಯಲ್ಲಿ, ಇಟ್ಟರೆ ಹಾಲು ತಣ್ಣಗಾಗುತ್ತದೆ, ಕುಲ್ಫಿ ಆಗುವುದಿಲ್ಲ. ಬರ್ಫ ಕುಟ್ಟಿ, ಹರಳುಪ್ಪು ಕಲಸಿ, ತಗಡಿನ ಡಬ್ಬಿಯಲ್ಲಿ ಒತ್ತಿ ತುಂಬಿ, ಮೇಲೆ ಗೋಣಿತಟ್ಟು ಸುತ್ತಬೇಕು. ಉಪ್ಪು ಬಿದ್ದ ಬರ್ಫಕ್ಕೆ ಕಚ್ಚುವ ಥಂಡಿ ಬರುತ್ತದೆ. ಲಿಂಗಸೂಗೂರಿನ ಬರ್ಫದ ಕಾರ್ಖಾನೆಯಿಂದ ದಿನಾ ಗಡ್ಡೆ ತಂದು, ಮೇ ತಿಂಗಳ ಸಂತೆಯಲ್ಲಿ ಸಂಜೆಯವರೆಗೆ ಕಲ್ಲಿನಂಥ ಕುಲ್ಫಿ ಕೊಡುವವನು ಅವನು. ಅಪ್ಪನಿಂದ ಕಲಿತ ಕಸುಬು.

ಹೀಗಾಗಿ ಅವನು ತನ್ನ ಕುಲ್ಫಿ ಡಬ್ಬಿಯನ್ನೇ ಹೊತ್ತು ಹೈದರಾಬಾದಿಗೆ ಹೋಗತೊಡಗಿದ. ಅಲ್ಲಿಯೇ ಬರ್ಫ ಕೊಂಡು, ಉಪ್ಪು ಹಾಕಿ, ಸೀಸೆಗಳ ಮೇಲಿನ ರಟ್ಟಿನ ಡಬ್ಬಿ ಹರಿದು ಬಿಸಾಕಿ, ಬರೀ ಗಾಜನ್ನು ಬಟ್ಟೆಯಲ್ಲಿ ಸುತ್ತಿ ಒಳಗೆ ಹೂಳುತ್ತಿದ್ದ. ರಟ್ಟು ಇದ್ದರೆ ಥಂಡಿ ಗಾಜಿಗೆ ತಾಗುವುದಿಲ್ಲ ಎಂದು ಅವನ ವಾದ. ಬೆಳಿಗ್ಗೆ ಲಿಂಗಸೂಗೂರಿನಲ್ಲಿ ಇಳಿದು ಕಾರ್ಖಾನೆಯಲ್ಲಿ ಹೊಸ ಬರ್ಫ ಹಾಕಿಸಿಕೊಂಡು ಮಸ್ಕಿಯ ಮನೆಗೆ ಬರುತ್ತಿದ್ದ. ಡಬ್ಬಿ ಬಿಚ್ಚಿ ಸೀಸೆಗಳನ್ನು ನನ್ನ ಮುಂದೆ ಒಂದಕ್ಕೊಂದು ತಾಗಿಸಿ ತೋರಿಸುತ್ತಿದ್ದ.

"ನೋಡಾಪಾ, ಕಲ್ಲು! ಹೈದರಾಬಾದಿಂದ ಮಸ್ಕಿಗೆ ಬಂದ್ರೂ ಒಂದ್ ಹನಿ ಅಲುಗಾಡಿಲ್ಲ."

ನಾನೂ ಶಹಬ್ಬಾಸ್ ಅನ್ನುತ್ತಿದ್ದೆ. ಅಪರೂಪಕ್ಕೆ ಹೊಗಳಿಸಿಕೊಂಡ ಮಗುವಿನ ಹಾಗೆ ಅವನ ಮುಖ ಅರಳುತ್ತಿತ್ತು. ಆಮೇಲೆ ಮುನ್ನಿಬೀ ಸೀಸೆ ಒರೆಸಿ ತಣ್ಣೀರಿನ ಫ್ಲಾಸ್ಕಿನಲ್ಲಿ ಇಡುತ್ತಿದ್ದಳು. ನಾವು ಬಸ್ಸು ಹತ್ತಿ ಸಿಂಧನೂರು ಮುಟ್ಟುವ ಹೊತ್ತಿಗೆ ಔಷಧ ಕರಗಿ, ನೀರಿನಷ್ಟು ತಿಳಿಯಾಗಿ, ಇನ್ನೂ ತಂಪಾಗಿಯೇ ಇರುತ್ತಿತ್ತು. ಆಸ್ಪತ್ರೆಯ ಸಿಸ್ಟರ್ ಮಹೇಶ್ವರಿ ಸೀಸೆ ಮುಟ್ಟಿ ನೋಡಿ, "ಎಷ್ಟು ಛಲೋ ತಂದೀರ್ರೀ ಅಣ್ಣಾರ" ಅನ್ನುತ್ತಿದ್ದಳು. ಬುಡ್ಡೇಸಾಬ್ ಆಸ್ಪತ್ರೆ ಮುಂದಿನ ಚಹಾದಂಗಡಿಯಲ್ಲಿ ಅದನ್ನೇ ಹತ್ತು ಜನಕ್ಕೆ ಹೇಳುತ್ತಿದ್ದ.

ಸಿಂಧನೂರಿನಲ್ಲಿ ಹಾಕಿಸಿಕೊಳ್ಳಲು ಶುರು ಮಾಡಿದ ಮೇಲೆ ನನ್ನ ತುರಿಕೆ ನಿಂತಿತು. ಗಂಧೆ ಒಣಗಿ ಉದುರಿತು. ಮೈ ಈ ಔಷಧಕ್ಕೆ ಒಗ್ಗಿತು ಎಂದು ನಾನು ಹಿಗ್ಗಿದೆ. ಮುನ್ನಿಬೀ ದರ್ಗಾಕ್ಕೆ ಸಕ್ಕರೆ ಓದಿಸಿ ಬಂದಳು. ಅದಾಗಿ ಒಂದಷ್ಟು ದಿನಕ್ಕೆ ಕೆಮ್ಮು ಮತ್ತೆ ಬಂತು. ಬಿಸಿಲು, ಧೂಳು, ಎಲ್ಲರಿಗೂ ಕೆಮ್ಮು ಇದೆ ಎಂದು ನನಗೆ ನಾನೇ ಹೇಳಿಕೊಂಡೆ.

ಮೇ ತಿಂಗಳಲ್ಲಿ ಒಂದು ದಿನ ಹೈದರಾಬಾದಿನ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಬುಡ್ಡೇಸಾಬ್ ಫೋನ್ ಮಾಡಿದ. "ಆಪಾ, ನೀ ಸಿಂಧನೂರಿಗೆ ಹೋಗಿ ಕುಂದ್ರು. ನಾ ಲಿಂಗಸೂಗೂರಿಂದ ಸೀದಾ ಅಲ್ಲಿಗೇ ಬರ್ತೀನಿ, ಮಸ್ಕಿಯಾಗ ಇಳಿಯಂಗಿಲ್ಲ." ನಾನೊಬ್ಬಳೇ ಹೋಗಿ ಮಂಚದ ಮೇಲೆ ಕೂತಿದ್ದೆ. ಅವನು ಬೆವರು ಸುರಿಸುತ್ತ ಬಂದು, ಡಬ್ಬಿಯನ್ನು ಹಾಗೇ ಮಹೇಶ್ವರಿಯ ಕೈಗೆ ಕೊಟ್ಟ.

"ತಗೀರಿ ಸಿಸ್ಟರ್. ಜ್ವಾಕಿ, ಉಪ್ಪು ಬರ್ಫ ಐತಿ, ಕೈ ಕಚ್ತೈತಿ. ನಿನ್ನೆಯಿಂದ ಹೊಟ್ಟಿಗೆ ಕೂಳಿಲ್ಲ, ಒಂದ್ ಚಹಾ ಕುಡದು ಬರ್ತೀನಿ" ಎಂದು ಹೊರಗೆ ಹೋದ.

ಮಹೇಶ್ವರಿ ಬರ್ಫ ಕೆದರಿ ಸೀಸೆ ತೆಗೆದಳು. ಬೆಳಕಿಗೆ ಹಿಡಿದಳು. ಅಲುಗಾಡಿಸಿದಳು. ಅವಳ ಮುಖದ ಬಣ್ಣ ಹೋಯಿತು.

"ಟೀಚರ್, ಇದು ಗಡ್ಡಿ ಕಟ್ಟೈತಲ್ರೀ."

"ಹೌದವ್ವಾ. ನಮ್ಮ ಬುಡ್ಡೇಸಾಬ್ ತಂದ್ರ ಹಂಗ. ಒಂಚೂರು ನೀರಾಗ ಇಡು, ಕರಗ್ತೈತಿ."

"ಇದ್ರ ಮ್ಯಾಲಿನ ರಟ್ಟಿನ ಡಬ್ಬಿ ಎಲ್ಲೈತ್ರಿ?"

"ಅದನ್ನ ಅವ ಅಲ್ಲೇ ಬಿಸಾಕ್ತಾನ."

ಅವಳು ನನ್ನ ಪಕ್ಕ ಬಂದು ಕೂತಳು. ಸಿಸ್ಟರ್‌ಗಳು ರೋಗಿಯ ಮಂಚದ ಮೇಲೆ ಸುಮ್ಮಸುಮ್ಮನೆ ಕೂರುವುದಿಲ್ಲ.

"ಟೀಚರ್, ಆ ರಟ್ಟಿನ ಮ್ಯಾಲ ಬರದಿರ್ತಾರ್ರೀ, ಗಡ್ಡಿ ಕಟ್ಟಿಸಬಾರದು ಅಂತ. ಇದು ತಣ್ಣಗಿರಬೇಕು, ಆದ್ರ ಕಲ್ಲಾಗಬಾರದ್ರಿ. ಒಮ್ಮೆ ಕಲ್ಲಾತು ಅಂದ್ರ ಮುಗೀತು."

"ಕರಗಿದ ಮ್ಯಾಲ ಮತ್ತ ಮೊದಲಿನಂಗ ಆಕ್ಕೈತಲ್ಲ?"

"ಒಡದ ಹಾಲು ಮತ್ತ ಹಾಲಾಗ್ತೈತೇನ್ರೀ? ನೋಡಾಕ ಏನೂ ಫರಕ ಕಾಣಂಗಿಲ್ಲ. ಒಳಗ ಔಷಧ ಸತ್ತಿರ್ತೈತಿ." ಆಮೇಲೆ ದನಿ ತಗ್ಗಿಸಿ ಕೇಳಿದಳು, "ಹಿಂದಿನ ಸಲಾನೂ ಹಿಂಗ ಇತ್ತೇನ್ರೀ?"

ನನ್ನ ಮುಖ ನೋಡಿಯೇ ಅವಳ ಕಣ್ಣು ತುಂಬಿದವು. ತುರಿಕೆ ಯಾಕೆ ನಿಂತಿತ್ತು ಎಂದು ನನಗೆ ಅಲ್ಲೇ ತಿಳಿಯಿತು. ಅಷ್ಟು ದಿನ ನನ್ನ ರಕ್ತಕ್ಕೆ ಬಿಟ್ಟಿದ್ದು ಬರೀ ನೀರು.

"ಅವನಿಗೆ ಹೇಳಬ್ಯಾಡವ್ವಾ. ನಿನ್ನ ಕಾಲು ಹಿಡಕೊಂತೀನಿ" ಎಂದೆ.

ಒಳಗಿನಿಂದ ಡಾಕ್ಟರು ಬಂದರು. ಅವತ್ತು ಹಾಕಲು ಬರುವುದಿಲ್ಲ, ಮೊದಲು ಸ್ಕ್ಯಾನ್ ಮಾಡಿಸಿ ಹೈದರಾಬಾದಿಗೆ ಹೋಗಿ ಬನ್ನಿ ಎಂದರು. ಬುಡ್ಡೇಸಾಬ್ ಬಂದಾಗ, ಜ್ವರ ಇದೆಯಂತೆ, ಅದಕ್ಕೆ ಇವತ್ತು ಹಾಕುವುದಿಲ್ಲವಂತೆ ಅಂತ ಹೇಳಿದೆ. "ಮತ್ತ ನಾ ತಂದ ದವಾ?" ಎಂದು ಕೇಳಿದ. ಆಸ್ಪತ್ರೆಯ ಫ್ರಿಜ್ಜಿನಲ್ಲಿ ಇಟ್ಟಿದ್ದಾರೆ ಎಂದೆ. "ಅವರ ಫ್ರಿಜ್ಜು ಏನ್ ಥಂಡ ಇರ್ತೈತಿ" ಎಂದು ದಾರಿಯುದ್ದಕ್ಕೂ ಗೊಣಗಿದ. ನಾನು ಕಿಟಕಿಯ ಕಡೆ ಮುಖ ಮಾಡಿ ಕೂತೆ. ಅವನ ಕುತ್ತಿಗೆ ಹಿಸುಕಬೇಕು ಅನ್ನುವಷ್ಟು ಕೋಪ ಬರುತ್ತಿತ್ತು. ಅವನು ಪಕ್ಕದಲ್ಲಿ ಖಾಲಿ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ತೂಕಡಿಸುತ್ತಿದ್ದ.

ಹೈದರಾಬಾದಿಗೆ ಅವನನ್ನು ಕರೆದುಕೊಂಡು ಹೋಗಲಿಲ್ಲ. ಸಂತೆಯ ಸೀಸನ್, ನೀ ಕುಲ್ಫಿ ನೋಡಿಕೋ ಎಂದು ಗದರಿ, ಮುನ್ನಿಬೀಯ ಜೊತೆ ಹೋದೆ. ಅವಳನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ನಾನೊಬ್ಬಳೇ ಒಳಗೆ ಹೋದೆ.

ಡಾಕ್ಟರು ಸ್ಕ್ಯಾನ್ ನೋಡಿದರು. ಪುಪ್ಪಸದ ಗಡ್ಡೆ ಮೊದಲಿಗಿಂತ ದೊಡ್ಡದಾಗಿದೆ, ಯಕೃತ್ತಿಗೂ ಹೋಗಿದೆ ಎಂದರು. ಕೆಲವರಿಗೆ ಹೀಗಾಗುತ್ತದೆ, ಮೊದಲು ಹತ್ತಿದ ಔಷಧ ಆಮೇಲೆ ಕೈಬಿಡುತ್ತದೆ ಎಂದರು.

"ಕೈಬಿಟ್ಟಿಲ್ಲ ಸಾಹೇಬ್ರೇ. ಅದು ನನಗೆ ಸಿಕ್ಕೇ ಇಲ್ಲ" ಎಂದೆ. ಎಲ್ಲವನ್ನೂ ಹೇಳಿದೆ. ಕುಲ್ಫಿ ಡಬ್ಬಿ, ಉಪ್ಪು, ಬರ್ಫ, ಕಲ್ಲಾದ ಸೀಸೆ, ನಿಂತ ತುರಿಕೆ. ಕ್ಲಾಸಿನಲ್ಲಿ ಚಾಡಿ ಹೇಳುವ ಹುಡುಗಿಯ ಹಾಗೆ ಹೇಳಿದೆ, ನನಗೆ ನಾಚಿಕೆ ಆಗಲಿಲ್ಲ. ನನಗೆ ಬದುಕಬೇಕಿತ್ತು. "ಮೊದಲು ಕರಗಿತ್ತಲ್ಲ, ನೀವೇ ನೋಡಿದ್ದೀರಿ. ಇನ್ನೊಂದು ಸಲ ಹಾಕಿ. ಇಲ್ಲಿಯೇ ಬಂದು ಇರುತ್ತೇನೆ. ಮಸೀದಿ ಮುಂದೆ ಮಲಗುತ್ತೇನೆ ಬೇಕಾದರೆ."

ಅವರು ನನ್ನೆದುರಿಗೇ ಕಂಪನಿಯವರಿಗೆ ಫೋನ್ ಹಚ್ಚಿದರು. ಇಂಗ್ಲಿಷಿನಲ್ಲಿ ಮಾತಾಡಿದರು, ಒಂದು ಹಂತದಲ್ಲಿ ಸಿಟ್ಟಿನಿಂದಲೇ ಮಾತಾಡಿದರು. ಆಮೇಲೆ ಫೋನ್ ಇಟ್ಟರು. ಗಡ್ಡೆ ಬೆಳೆದವರಿಗೆ ಯೋಜನೆಯಲ್ಲಿ ಔಷಧ ಇಲ್ಲವಂತೆ. ಸರಿಯಾಗಿ ಇಡದೆ ಕೆಡಿಸಿದವರಿಗೆ ಮತ್ತೆ ಕೊಡುವ ಪದ್ಧತಿ ಮೊದಲೇ ಇಲ್ಲವಂತೆ. ಎರಡೂ ಕಡೆಯಿಂದ ಬಾಗಿಲು ಮುಚ್ಚಿತ್ತು.

"ಕೊಟ್ಟಿದ್ದರೂ, ಯಕೃತ್ತಿಗೆ ಹೋದ ಮೇಲೆ ಈಗ ಕಷ್ಟ ಅಮ್ಮಾ" ಎಂದರು.

"ಕಲ್ಲಾಗದೇ ಇದ್ದಿದ್ದರೆ?"

ಅವರು ತಲೆ ತಗ್ಗಿಸಿ, "ಅದು ಯಾರಿಗೂ ಗೊತ್ತಾಗುವುದಿಲ್ಲ. ವರ್ಷಗಟ್ಟಲೆ ಚೆನ್ನಾಗಿರುವವರೂ ಇದ್ದಾರೆ. ಒಳ್ಳೆಯ ಔಷಧವೇ ಹೋಗಿದ್ದರೂ ಹೀಗೇ ಆಗುತ್ತಿತ್ತೋ ಏನೋ" ಎಂದರು. ಸುಳ್ಳು ಹೇಳಿದ್ದರೆ ಒಳ್ಳೆಯದಿತ್ತು. ಇಷ್ಟು ಒಳ್ಳೆಯ ಮನುಷ್ಯ, ಒಂದು ಸುಳ್ಳು ಹೇಳಲು ಆಗಲಿಲ್ಲವೇ ಎಂದು ಅವರ ಮೇಲೂ ಸಿಟ್ಟು ಬಂತು. ನೋವಿಗೆ ಗುಳಿಗೆ ಬರೆದುಕೊಟ್ಟರು.

ಮರಳಿ ಬರುವಾಗ ಬಸ್ಸಿನಲ್ಲಿ ಬುಡ್ಡೇಸಾಬ್‌ಗೆ ಬೈಯಲು ಮಾತು ಜೋಡಿಸುತ್ತಿದ್ದೆ. ಅಷ್ಟು ವರ್ಷ ಬೈದಿದ್ದೆಲ್ಲ ಯಾವ ಲೆಕ್ಕ! ಲೇ ಮೂರ್ಖ, ಓದಿದವರು ಕೊಟ್ಟ ಡಬ್ಬಿ ನಿನಗೆ ನಗೆಗೀಡಾಯಿತೇನೋ, ನಿನ್ನ ಹಟ ನನ್ನನ್ನು ತಿಂದಿತಲ್ಲೋ. ಮನಸ್ಸಿನಲ್ಲಿ ಇಷ್ಟು ಬೈದು, ಅಳು ಬಂದು, ಸೆರಗು ಬಾಯಿಗೆ ತುರುಕಿಕೊಂಡೆ. ಮುನ್ನಿಬೀಗೆ ಕೆಮ್ಮು ಅನ್ನಿಸಿರಬೇಕು, ಬೆನ್ನು ತಟ್ಟಿದಳು.

ಮನೆಗೆ ಬಂದಾಗ ಅವನು ಅಂಗಳದಲ್ಲಿ ಕೂತು ಹೊಸದೊಂದು ಡಬ್ಬಿಗೆ ಭತ್ತದ ಹೊಟ್ಟು ತುಂಬುತ್ತಿದ್ದ. ಒಂದರೊಳಗೊಂದು ಎರಡು ಡಬ್ಬಿ, ನಡುವೆ ಹೊಟ್ಟು. ಸಿಂಧನೂರಿನ ಹತ್ತಿರ, ನಿರಾಶ್ರಿತರು ನೆಲೆಸಿರುವ ಆರ್.ಎಚ್. ಕ್ಯಾಂಪಿನಲ್ಲಿ ಬಂಗಾಲಿ ಮೀನಿನ ವ್ಯಾಪಾರಿಗಳು ಹೀಗೆ ಮಾಡುತ್ತಾರಂತೆ, ಹೋಗಿ ನೋಡಿ ಕಲಿತು ಬಂದಿದ್ದ.

"ಆಪಾ, ಇನ್ನ ಲಿಂಗಸೂಗೂರದಾಗ ಬರ್ಫ ಬದಲಿ ಮಾಡೂದೂ ಬ್ಯಾಡ. ನೋಡು ಹೆಂಗೈತಿ!"

ಬಾಯಿ ತೆರೆದೆ. ಅವನ ಕೈ ನೋಡಿದೆ. ಉಪ್ಪು ಬರ್ಫದಲ್ಲಿ ಅದ್ದಿ ಅದ್ದಿ ಬೆರಳ ತುದಿಗಳು ಬಿಳಿಚಿಕೊಂಡು ಒಡೆದಿದ್ದವು. ನನ್ನ ಕೈ ಹಿಡಿದು ಶಾಲೆಗೆ ಬರುತ್ತಿದ್ದ ಕೈ. ಬೈದು ಈಗ ಏನು ಬರುತ್ತದೆ? ನನಗಂತೂ ಏನೂ ಬರುವುದಿಲ್ಲ. ಇವನು ಮಾತ್ರ ನನ್ನನ್ನು ಮಣ್ಣು ಮಾಡಿ ಬಂದ ಮೇಲೆ ಬದುಕಿದ್ದೂ ಸತ್ತಂತೆ ಇರುತ್ತಾನೆ.

"ಇನ್ನ ಹೈದರಾಬಾದಿಗೆ ಹೋಗೂದಿಲ್ಲಪ್ಪಾ. ಔಷಧ ನಿಲ್ಲಿಸ್ಯಾರ" ಎಂದೆ.

"ಯಾಕ?"

"ನನ್ನ ಮೈಗೆ ಹತ್ತಲಿಲ್ಲ. ಎಲ್ಲಾರಿಗೂ ಹತ್ತಂಗಿಲ್ಲ ಅಂತ ಅವತ್ತ ಹೇಳಿದ್ರಲ್ಲ."

ಅವನು ಹೊಟ್ಟು ತುಂಬುವುದನ್ನು ಬಿಟ್ಟು ನನ್ನನ್ನೇ ನೋಡಿದ. ಗಂಡಸು, ಮಗುವಿನ ಹಾಗೆ ತುಟಿ ಅದುರಿಸಿದ. ಆಮೇಲೆ ಕೇಳಿದ, "ನಾ ತಂದದ್ರಾಗ ಏನರ ಕಮ್ಮಿ ಆತೇನಾಪಾ?"

"ಇಲ್ಲೋ. ನೀ ಛಲೋನ ತಂದೀದಿ" ಎಂದೆ. ಇನ್ನೂ ಅನುಮಾನದಿಂದ ನೋಡುತ್ತಿದ್ದವನಿಗೆ, "ಅಂಗಳದ ತುಂಬ ಹೊಟ್ಟು ಚೆಲ್ಲೀದಿ, ಯಾರು ಬಳೀಬೇಕು ಇದನ್ನ, ನಿಮ್ಮಪ್ಪ ಬರ್ತಾನೇನು?" ಎಂದು ಒಂದು ಸುತ್ತು ಬೈದೆ. ಅವನಿಗೆ ಅಷ್ಟು ಸಾಕಾಯಿತು. ಕಣ್ಣೊರೆಸಿಕೊಂಡು ಕಸಬರಿಗೆ ಹುಡುಕಲು ಹೋದ. ನಾನು ಒಳಗೆ ಹೋಗಿ ಮಲಗಿದೆ. ಒಂದು ಸುಳ್ಳಿನಲ್ಲಿ ಎಲ್ಲ ಮುಗಿಯಿತು ಎಂದು ನನಗೆ ನೆಮ್ಮದಿಯೇ ಆಗಿತ್ತು.

ಮಳೆಗಾಲ ಶುರುವಾಗುವ ಹೊತ್ತಿಗೆ ನಾನು ಹಾಸಿಗೆ ಹಿಡಿದೆ. ಶ್ವಾಸ ಎಳೆದುಕೊಳ್ಳಲು ಎರಡು ದಿಂಬು ಬೇಕು. ಹಾಸಿಗೆಯಿಂದ ಅಂಗಳ ಕಾಣುತ್ತದೆ. ಒಂದು ಬೆಳಿಗ್ಗೆ ಬುಡ್ಡೇಸಾಬ್ ಆ ಹೊಟ್ಟಿನ ಡಬ್ಬಿಯನ್ನು ತೊಳೆದು ಬಿಸಿಲಿಗೆ ಇಡುತ್ತಿದ್ದುದು ಕಂಡಿತು. ಕುಲ್ಫಿಯ ಸೀಸನ್ ಮುಗಿದಿತ್ತು.

"ಏನೋ ಅದು?" ಎಂದು ಕೂಗಿ ಕೇಳಿದೆ.

ಅವನು ಒಳಗೆ ಬಂದು ನನ್ನ ಕಾಲ ಬಳಿ ಕೂತ. "ಹೇಳೂದ ಮರತಿದ್ದೆ ಆಪಾ. ಮುಕ್ಕುಂದದ ಆದೆಪ್ಪ ಅಂತ ಒಬ್ರು, ನಿನ್ನಿ ಫೋನ್ ಮಾಡಿದ್ರು. ಅವರ ಹೆಣ್ತಿ ಗದ್ದೆಮ್ಮಗ ನಿನ್ನ ಬ್ಯಾನಿನ ಆಗೈತಂತ. ಅದ ಡಾಕ್ಟರು, ಅದ ದವಾ. ಹೈದರಾಬಾದಿನ್ಯಾಗ ನಾಕ ಸಲ ಹಾಕ್ಯಾರಂತ, ಗಡ್ಡಿ ಇಳಿಯಾಕತ್ತೈತಂತ. ಇನ್ನ ಸಿಂಧನೂರಾಗ ಹಾಕಿಸ್ತಾರಂತ. ಚಹಾದಂಗಡಿಯವ ನನ್ನ ಹೆಸರು ಹೇಳ್ಯಾನ. ನಾಳೆ ಹೋಗಿ ತಂದು ಕೊಡ್ತೀನಿ ಅಂದೀನಿ."

ನನಗೆ ಶ್ವಾಸ ಸಿಕ್ಕಿಹಾಕಿಕೊಂಡಿತು. ಅವನು ನೀರು ಕುಡಿಸಿದ.

"ನೀ ಹೋಗಬ್ಯಾಡ. ಅವರ ಹೋಗಿ ತರ್ಲಿ."

"ಅವರು ಗದ್ದಿ ಬಿಟ್ಟು ಹೆಂಗ ಹೋಗ್ತಾರ? ನಾಟಿ ಟೈಮು. ಮತ್ತ ಅವರಿಗೆ ಥಂಡಿ ಇಡಾಕ ಎಲ್ಲಿ ಬರ್ತೈತಿ?"

"ಹೋದ್ರ ಆಸ್ಪತ್ರಿಯವರು ಕೊಟ್ಟ ಡಬ್ಬಿಯಾಗ ತಾ. ನಿನ್ನ ಡಬ್ಬಿ ಒಯ್ಯಬ್ಯಾಡ."

ಅವನು ನಕ್ಕ. "ಆ ಥರ್ಮಾಕೋಲಿನ್ಯಾಗ? ನಮ್ಮ ಅಕ್ಕಗ ಕಲ್ಲಿನಂಗ ತಂದು, ಮಂದಿ ಹೆಂಗಸಿಗೆ ಕೆಟ್ಟದ್ದು ತರಲೇನು? ಅಲ್ಲಾ ಮೆಚ್ಚತಾನೇನು? ನಿನಗಂತೂ ಹತ್ತಲಿಲ್ಲ, ಆ ತಾಯಿಗಾದ್ರೂ ಹತ್ತಲಿ ಆಪಾ. ನನ್ನ ಕೈಯಿಂದ ಒಂದು ಜೀವ ಉಳೀಲಿ."

ನಾನು ಗದ್ದೆಮ್ಮನನ್ನು ನೋಡಿಲ್ಲ. ಆದರೆ ಅವಳು ಈಗ ಹೇಗಿದ್ದಾಳೆಂದು ನನಗೆ ಗೊತ್ತು. ತೋಳು ತುರಿಸಿಕೊಳ್ಳುತ್ತಿರುತ್ತಾಳೆ. ಕೆಮ್ಮು ಇಳಿದಿರುತ್ತದೆ. ರೊಟ್ಟಿ ಬಡಿಯಲು ಕೂತಿರುತ್ತಾಳೆ. ದೇವರೇ, ನಾನು ಸಾಯುವುದು ಸಾಲದೇ, ಸಾಯುವ ಮೊದಲು ಇದನ್ನೂ ನನ್ನ ಬಾಯಿಂದಲೇ ಹೇಳಿಸಬೇಕೇ ಎಂದು ಒಳಗೊಳಗೇ ಕಿರುಚಿದೆ. ಬೇರೆ ದಾರಿ ಎಷ್ಟು ಹುಡುಕಿದರೂ ಸಿಗಲಿಲ್ಲ.

"ಬುಡ್ಡ್ಯಾ, ಇಲ್ಲಿ ಕೇಳು. ಆ ಔಷಧ ತಣ್ಣಗಿರಬೇಕು, ಕಲ್ಲಾಗಬಾರದು. ಕಲ್ಲಾದ್ರ ಕೆಟ್ಟುಹೋಗ್ತೈತಿ. ರಟ್ಟಿನ ಮ್ಯಾಲ ಬರದಿರ್ತಾರ."

ಅವನ ನಗೆ ಇನ್ನೂ ಮುಖದ ಮೇಲೆಯೇ ಇತ್ತು. "ಯಾರಂದ್ರು?"

"ಸಿಸ್ಟರ್ ಅಂದಳು. ಡಾಕ್ಟರೂ ಅಂದ್ರು."

"ಒಂದ್ ಸೀಸೆ ಕೆಟ್ಟಿತ್ತೇನು?"

"ನೀ ತಂದಿದ್ದೆಲ್ಲಾ."

ಹೊರಗೆ ಮುನ್ನಿಬೀ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ಕೈ ಚಾಚಿದೆ, ಅವನಿಗೆ ಕಾಣಲಿಲ್ಲ. ಡಾಕ್ಟರು ಹೇಳಿದ್ದನ್ನೆಲ್ಲ ಗಡಿಬಿಡಿಯಲ್ಲಿ ಹೇಳಿದೆ. ಚೆನ್ನಾಗಿದ್ದ ಔಷಧವೂ ಹತ್ತುತ್ತಿರಲಿಲ್ಲವೋ ಏನೋ, ಯಾರಿಗೂ ಗೊತ್ತಿಲ್ಲ, ನಿನ್ನ ತಪ್ಪಲ್ಲ, ನನಗೂ ತಿಳಿಯಲಿಲ್ಲ. ಅವನು ಕೇಳಿಸಿಕೊಂಡನೋ ಇಲ್ಲವೋ ಗೊತ್ತಿಲ್ಲ. ಎದ್ದು ಗೋಡೆ ಹಿಡಿದು ನಿಂತ. ಆಮೇಲೆ ಜೇಬಿನಿಂದ ಫೋನ್ ತೆಗೆದು, ಆದೆಪ್ಪನ ನಂಬರ್ ಒತ್ತಿದ. ಆದೆಪ್ಪನ ದನಿ ನನ್ನ ಹಾಸಿಗೆಯವರೆಗೆ ಕೇಳಿಸುವಷ್ಟು ಜೋರಾಗಿತ್ತು.

"ಆದೆಪ್ಪಣ್ಣಾರ, ನಾ ಬರಂಗಿಲ್ರೀ. ನೀವ ಹೋಗ್ರಿ. ಅವರು ಕೊಟ್ಟ ಡಬ್ಬಿಯಾಗ ಇಟ್ಗಂಡು ಬರ್ರಿ. ಬರ್ಫ ಹಾಕಬ್ಯಾಡ್ರಿ, ಗಾಜಿಗೆ ಬರ್ಫ ಮುಟ್ಟಿಸಬ್ಯಾಡ್ರಿ."

"ಹಂಗ್ಯಾಕಂತೀರಿ ಸಾಬ್ರ? ನಿಮ್ಮ ಅಕ್ಕಾರಿಗೆಲ್ಲಾ ನೀವ ತಂದು ಕೊಟ್ಟೀರಂತಲ್ಲ?"

"ಹೂನ್ರೀ, ನಾನ ತಂದು ಕೊಟ್ಟೀನಿ" ಅಂದ ನನ್ನ ತಮ್ಮ. "ಅದಕ್ಕ ಹೇಳಾಕತ್ತೀನ್ರೀ."